ಸುರಪುರದ ನೋಟೀಸು

ನಮ್ಮ ಸಾಹೇಬರಿಗೆ ಕನ್ನಡದ ಮ್ಯಾಲ ಭಾಳ ಪ್ರೀತಿ ಇತ್ತು. ನಮ್ಮ ಕನ್ನಡದ ಮ್ಯಾಲ ಅಲ್ಲ ಮತ್ತ, ಅವರ ಕನ್ನಡದ ಮ್ಯಾಲ. ಮೈಸೂರು ಕಡಿಲಿಂದ ವರ್ಗ ಆಗಿ ಶಹಾಪುರಕ್ಕ ಬಂದ ಮೊದಲನೇ ದಿನ ನಾ ಅವರ ಟೇಬಲ್ ಮುಂದ ನಿಂತು, "ಸರ್, ಮನಿ ಸಿಕ್ತೇನ್ರಿ?" ಅಂತ ಕೇಳಿದೆ. ಊರಿಗೆ ಹೊಸಬರು ಬಂದ್ರ ಹಂಗ ಕೇಳೋದು ನಮ್ಮ ಕಡಿ ರಿವಾಜು. ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿ, "ಮನಿ ಅಂದ್ರೆ ದುಡ್ಡು ಕಣಮ್ಮ. ಮನೆ ಅನ್ನು, ಮನೆ" ಅಂದ್ರು. ಅವರಿಗೆ ಮನಿ ಸಿಕ್ಕಿತೋ ಇಲ್ಲೋ, ಅದು ಮಾತ್ರ ನನಗ ಗೊತ್ತಾಗಲಿಲ್ಲ.

ತಿದ್ದಿಸಿಕೊಳ್ಳೋದು ನನಗೇನು ಹೊಸಾದಲ್ಲ. ನಮ್ಮ ಮನ್ಯಾಗ ಉರ್ದು ಮಾತು. ಅದನ್ನ ಕೇಳಿ ಹೈದರಾಬಾದಿನ ಬೀಗರು, ಇದು ಉರ್ದುನ ಅಲ್ಲ ಅಂತಿದ್ರು. ಓಣ್ಯಾಗ ಕನ್ನಡ. ಅದನ್ನ ಕೇಳಿ ಬೆಂಗಳೂರಿನವರು, ಇದು ಯಾವ ಸೀಮೆ ಕನ್ನಡ ಅಂತಿದ್ರು. ನನ್ನ ಇಂಗ್ಲಿಷಿಗೆ ಮಾತ್ರ ಯಾರೂ ಹೆಸರಿಡಲಿಲ್ಲ, ಯಾಕಂದ್ರ ಅದನ್ನ ನಾ ಬಾಯಿ ಬಿಟ್ಟು ಆಡಲೇ ಇಲ್ಲ. ಸುಮ್ಮನ ಕೂತು ಕಂಪ್ಯೂಟರಿನಾಗ ಬಡದೆ. ಅದರಿಂದಾನ ಕಾಲುವಿ ನೀರು ಹಂಚೋ ಆಫೀಸಿನಾಗ ಕಾಂಟ್ರಾಕ್ಟ್ ಮ್ಯಾಲ ಆಪರೇಟರ್ ಕೆಲಸ ಸಿಕ್ತು. ಹೇಳಾಕ ಆಪರೇಟರ್, ಮಾಡೋದು ಎಲ್ಲಾ. ಪ್ರಿಂಟರಿನಾಗ ಹಾಳಿ ಸಿಕ್ಕೊಂಡ್ರ ನಾನ, ಸಾಹೇಬರ ಮೊಬೈಲಿಗೆ ಗುಡ್ ಮಾರ್ನಿಂಗ್ ಫೋಟೊ ತುಂಬಿದ್ರ ಅದನ್ನ ಅಳಸೋಕೂ ನಾನ.

ಕಾಲುವಿ ಬರೋಕಿಂತ ಮೊದಲು ನಮ್ಮ ಕಡಿ ಜನ ಮುಗಿಲು ನೋಡತಿದ್ರು. ಕಾಲುವಿ ಬಂದ ಮ್ಯಾಲ ಆಫೀಸು ನೋಡಾಕ ಹತ್ತಿದ್ರು. ಆಫೀಸಿನ ಪಡಸಾಲ್ಯಾಗ ಒಂದು ಕರಿ ಹಲಗಿ ಇತ್ತು. ಯಾವ ಗೇಟು, ಯಾರ ಪಾಳಿ, ಯಾವ ವಾರ ಅಂತ ಅದರ ಮ್ಯಾಲ ಸೀಮೆಸುಣ್ಣದಾಗ ಬರದಿರತಿತ್ತು. ರೈತರು ಬರತಿದ್ರು, ನೋಡತಿದ್ರು, ಒಬ್ಬರಿಗೊಬ್ಬರು ಜಗಳಾ ಮಾಡಿ ಚಾ ಕುಡದು ಹೋಗತಿದ್ರು. ಆಮ್ಯಾಲ ಪಾಳಿ ಪೇಜು ಬಂತು. ಮೊಬೈಲಿನಾಗ ಹೊಲದ ನಂಬರ್ ಹೊಡದ್ರ ಪಾಳಿ ಕಾಣ್ತದ, ಅದರ ಚೀಟಿ ಆಫೀಸಿನಾಗ ಪ್ರಿಂಟ್ ಆಗ್ತದ, ಚೀಟಿ ತೋರಿಸಿದ್ರ ಗೇಟಿನವ ಗೇಟು ಎತ್ತತಾನ. ನಮ್ಮ ಸಾಹೇಬರು ಬಂದವರೇ ಹುಕುಂ ಮಾಡಿದ್ರು, ಪೇಜಿನ ಚೀಟಿ ಇಲ್ಲಂದ್ರ ಒಂದು ಹನಿ ನೀರೂ ಬಿಡಬಾರದು ಅಂತ. ಹಲಗಿ ಅಡಗಿ ಖೋಲಿಗೆ ಹೋಯ್ತು. ಅದರ ಮ್ಯಾಲ ಪ್ಯೂನ್ ಚಾದ ಗ್ಲಾಸು ಬೋರಲ ಹಾಕತಿದ್ದ.

ಈ ಪೇಜಿಗೆ ಎರಡು ಮಿಷನ್ನು. ಪೇಜು ತೋರಸೋ ಮಿಷನ್ನು ಶಹಾಪುರದಾಗ ನನ್ನ ಖೋಲ್ಯಾಗ. ಎಲ್ಲರ ಪಾಳಿ ಲೆಕ್ಕ ಇಟ್ಟುಕೊಂಡ ಮಿಷನ್ನು ಸುರಪುರದ ಆಫೀಸಿನಾಗ, ಯಾಕಂದ್ರ ಅಲ್ಲಿ ಏಸಿ ಇತ್ತು. ಯಾರರ ಪಾಳಿ ಕೇಳಿದ್ರಂದ್ರ ನನ್ನ ಮಿಷನ್ನು ಲೈನಿನ ಮ್ಯಾಲ ಸುರಪುರಕ್ಕ ಹೋಗಿ ಬಾಗಿಲ ಬಡಿಬೇಕು. ನಾ ಇಂಥಾಕಿ, ಇದು ನನ್ನ ಪಾಸ್‌ವರ್ಡು ಅನಬೇಕು. ಅದು ಬರೋಬ್ಬರಿ ಅಂತ ಅನಿಸಿದ್ರ ಆ ಮಿಷನ್ನು ಲೆಕ್ಕ ಕೊಡತಿತ್ತು. ಇಷ್ಟ ಕಥಿ. ಇದರಾಗ ಕೈ ಹಾಕಾಕ ಏನೂ ಇರಲಿಲ್ಲ. ಕೈ ಹಾಕೋ ಮಂದಿ ಇದ್ರು.

ಒಂದು ದಿನ ಸಾಹೇಬರು ನನ್ನ ಹಿಂದ ನಿಂತು ಸ್ಕ್ರೀನ್ ನೋಡಾಕತ್ತಿದ್ರು. ಹಿಂದ ನಿಂತು ನೋಡೋದು ಅವರ ಚಟ. ನನ್ನ ಮಿಷನ್ನು ಸುರಪುರದ ಬಾಗಿಲಾಗ ಹೇಳೋ ಹೆಸರು ಅಲ್ಲಿ ಇಂಗ್ಲಿಷ್ ಅಕ್ಷರದಾಗ ಇತ್ತು: ಶೋರಾಪುರ.

"ಏನಿದು, ಶೋರಾಪುರ?"

"ಸುರಪುರ ರಿ ಸರ್. ಈ ಸಿಸ್ಟಮ್ ಕೂಡಿಸಿದವರು ಹೈದರಾಬಾದಿನವರು. ನಿಜಾಮರ ಕಾಲದ ಕಾಗದದಾಗ ಹಂಗ ಅದ ಅಂತ ಹಂಗ ಇಟ್ಟಾರ."

"ಅಪಭ್ರಂಶ. ತಿದ್ದಬೇಕು."

ನಾ ಸಮಾಧಾನದಿಂದ ಹೇಳಿದೆ. ಸಮಾಧಾನ ನನ್ನ ಕಡಿ ಕಡಿಮಿ, ಆದ್ರೂ ಇದ್ದಷ್ಟು ಖರ್ಚು ಮಾಡಿದೆ. ಬಸ್ಸಿನ ಕಂಡಕ್ಟರ್ ಸುರ್‌ಪುರ್ ಸುರ್‌ಪುರ್ ಅಂತ ಕೂಗತಾನ, ಮುದುಕರು ಸುರಪೂರ ಅಂತಾರ, ಹಳೇ ಬೋರ್ಡಿನ ಮ್ಯಾಲ ಶೋರಾಪುರ ಅಂತ ಅದ, ಇಲ್ಲೀತನಕ ಯಾರೂ ದಾರಿ ತಪ್ಪಿ ರಾಯಚೂರಿಗೆ ಹೋಗಿಲ್ಲ ಅಂದೆ. ಮತ್ತ ಇದು ಊರ ಹೆಸರಲ್ಲ ಸರ್, ಮಿಷನ್ನಿನ ಒಳಗಿನ ಹೆಸರು, ಹೊರಗಿನವರಿಗೆ ಯಾರಿಗೂ ಕಾಣಂಗಿಲ್ಲ ಅಂದೆ.

"ಕಾಣದೇ ಇರೋ ಕಡೆಯೇ ಶುದ್ಧವಾಗಿರಬೇಕು ಕಣಮ್ಮ" ಅಂದ್ರು.

ಸುರಪುರದ ಮಿಷನ್ನು ನೋಡಿಕೊಳ್ಳಾಕ ನನ್ನಂಗ ಒಬ್ಬ ಆಪರೇಟರ್ ಇದ್ದ. ನನಗಿಂತ ದೊಡ್ಡಂವ, ಅದಕ್ಕ ನಾ ಅವಗ ಅಣ್ಣ ಅಂತಿದ್ದೆ. ಒಳ್ಳೆ ಮನಷ್ಯ, ಆದ್ರ ಅಂಜುಬುರುಕ ಅಂದ್ರ ಅಂಜುಬುರುಕ. ಹಿಂದೊಮ್ಮೆ ಖುರ್ಚಿ ಮ್ಯಾಲ ನಿದ್ದಿ ಹೊಡದದ್ದಕ್ಕ ಅವಗ ಕಾರಣ ಕೇಳಿ ನೋಟೀಸು ಬಂದಿತ್ತಂತ. ಅವತ್ತಿನಿಂದ ಅಂವ ಫೋನ್ ಎತ್ತಿದ್ರ "ಹಲೋ" ಅನ್ನೋಕಿಂತ ಮೊದಲ "ನಮ್ಮ ಬಾಜು ಎಲ್ಲಾ ಬರೋಬ್ಬರಿ ಅದ" ಅಂತಿದ್ದ. ಸಾಹೇಬರು ಅವಗ ಫೋನ್ ಹಚ್ಚಿ, ಶೋರಾಪುರ ತೆಗದು ಸುರಪುರ ಮಾಡು ಅಂದ್ರು. ಅಂವ ಹತ್ತು ಸಲ "ಆಯ್ತ್ರಿ ಸರ್" ಅಂದು ಮಾಡಿದ. ನನ್ನ ಮಿಷನ್ನಿನಾಗೂ ಅದೇ ಹೆಸರು ತಿದ್ದಾಕ ಹೇಳಿದ್ರು. ತಿದ್ದಿದೆ. ಆ ಕಡಿ ಸುರಪುರ, ಈ ಕಡಿ ಸುರಪುರ, ಕನ್ನಡಾಂಬೆ ಖುಷಿಯಾಗಿರಬೇಕು. ಪೇಜು ಸತ್ತು ಬಿತ್ತು.

ಸುರಪುರ ಅನ್ನೋ ಹೆಸರಿನವರ ಪಾಸ್‌ವರ್ಡು ಸರಿ ಇಲ್ಲ ಅಂತ ಕೆಂಪು ಅಕ್ಷರದಾಗ ಬಂತು. ನಾ ಪಾಸ್‌ವರ್ಡು ಮುಟ್ಟೇ ಇರಲಿಲ್ಲ.

ಅವತ್ತ ಮಧ್ಯಾಹ್ನ ಆಕಿ ಬಂದಳು. ದೋರನಹಳ್ಳಿ ಕಡಿಯಾಕಿ, ನಮ್ಮ ಅಮ್ಮಿಕಿಂತ ದೊಡ್ಡಾಕಿ. ಕಾಲುವಿ ಕಟ್ಟಕಡೀಗೆ ಎರಡು ಎಕರೆ ಹೊಲ, ಅದರ ತುಂಬ ಮೆಣಸಿನಗಿಡ. ಟಂಟಂ ಆಟೋದಾಗ ಕೂತು ಬಂದು, ಸೆರಗಿನಿಂದ ಮಕದ ಮ್ಯಾಲಿನ ಧೂಳ ಒರಸಿಕೊಂಡು, "ಏನವ್ವ ತಂಗಿ, ಇನ್ನ ಐದು ದಿನಕ್ಕ ನನ್ನ ಪಾಳಿ. ಚೀಟಿ ಕೊಡು" ಅಂದಳು. ಪಾಳಿ ಅಂದ್ರ ಎರಡು ದಿನ. ಅದು ತಪ್ಪಿದ್ರ ಮುಂದಿನ ಪಾಳಿ ಮೂರು ವಾರದ ಮ್ಯಾಲ.

"ಪೇಜು ಬಂದ್ ಆಗ್ಯಾದ ದೊಡ್ಡವ್ವ. ಸಂಜಿ ಅನ್ನೋದ್ರಾಗ ಚಾಲೂ ಮಾಡ್ತೀನಿ."

"ಗಿಡ ಹೂವಿಗೆ ಬಂದಾವ. ಈಗ ನೀರು ಬಿದ್ರ ಕಾಯಿ. ಬೀಳಲಿಲ್ಲಂದ್ರ ಹೂವೆಲ್ಲಾ ಉದುರಿ ನಾ ಬರೇ ಕಟಗಿ ನೋಡಕೋತ ಕೂಡಬೇಕು. ಮೂರು ವಾರ ಹೂವು ನನಗಂತ ನಿಂದರತಾವೇನು?" ಅಂದಳು. ಬೇಡಿಕೊಳ್ಳೋ ಧಾಟಿ ಅಲ್ಲ, ಗದರಿಸೋ ಧಾಟಿ. ನನಗ ಆಕಿ ಅಲ್ಲೇ ಹಿಡಿಸಿದಳು.

ಸಂಜಿ ಆಯ್ತು, ಚಾಲೂ ಆಗಲಿಲ್ಲ. ಪಾಸ್‌ವರ್ಡು ಹೊಡದೆ, ಅಳಸಿದೆ, ಮತ್ತ ಹೊಡದೆ. ದೊಡ್ಡಕ್ಷರದ ಬಟನ್ ಒತ್ತಿ ಹೋಗ್ಯಾದೇನು ನೋಡಿದೆ. ಕನ್ನಡ ಟೈಪಿಂಗ್ ಚಾಲೂ ಉಳದು ಚುಕ್ಕಿ ಹಿಂದ ಕನ್ನಡ ಅಕ್ಷರ ಹೊಂಟಾವೇನು ಅಂತ ಅದನ್ನೂ ಬಂದ್ ಮಾಡಿ ನೋಡಿದೆ. ಇದ ಖರೇ ಕಾರಣ ಅಂತ ಒಂದು ತಾಸು ಖುಷಿನೂ ಪಟ್ಟೆ. ಅಲ್ಲ. ಪ್ಯೂನ್ ವೈರು ಬಿಚ್ಚಿ ಅದರ ಬಾಯಾಗ ಊದಿ ಮತ್ತ ಸಿಗಿಸಿದ. ಸಾಹೇಬರು ಹಿಂದ ಬಂದು ನಿಂತು, "ನಿಧಾನವಾಗಿ, ಸ್ಪಷ್ಟವಾಗಿ ಟೈಪ್ ಮಾಡು" ಅಂದ್ರು, ಮಿಷನ್ನಿಗೆ ನನ್ನ ಉಚ್ಚಾರ ತಿಳಿಯವಲ್ದು ಅನ್ನಂಗ. ಸುರಪುರಕ್ಕ ಫೋನ್ ಹಚ್ಚಿದ್ರ, "ನಮ್ಮ ಬಾಜು ಎಲ್ಲಾ ಬರೋಬ್ಬರಿ ಅದ. ಇಲ್ಲಿ ತೆಗದ್ರ ತೆಗೀತದ. ನಿಮ್ಮ ಬಾಜುನ ಗಡಬಡ" ಅಂದ ಅಣ್ಣ. ಯಾದಗಿರಿಯ ಜಿಲ್ಲಾ ಆಫೀಸಿನಾಗ ಒಬ್ಬ ಇಂಜಿನಿಯರ್ ಇದ್ದ, ಅಂವ ನಾ ಹೇಳೋದು ಪುರಾ ಕೇಳೋದ್ರೊಳಗ "ನೆಟ್ ಪ್ರಾಬ್ಲಮ್" ಅಂದು ಇಟ್ಟುಬಿಟ್ಟ. ನೆಟ್ ಚಲೋನ ಇತ್ತು. ಬಾಗಿಲತನಕ ಹೋಗಾಕ ಆಗತಿತ್ತು, ಒಳಗ ಬಿಡತಿದ್ದಿಲ್ಲ.

ಮರುದಿನ ನಾ ಸಾಹೇಬರಿಗೆ ಸೀದಾ ಹೇಳಿದೆ, "ಸರ್, ಸುರಪುರದಾಗ ಹೊಸ ಪಾಸ್‌ವರ್ಡು ಹಾಕಸ್ರಿ, ನಾನೂ ಅದನ್ನ ಹಾಕ್ತೀನಿ, ಒಂದು ನಿಮಿಷದ ಕೆಲಸ."

"ಪಾಸ್‌ವರ್ಡ್ ಬದಲಾವಣೆಗೆ ಯಾದಗಿರಿಯ ಲಿಖಿತ ಅನುಮತಿ ಬೇಕು."

"ಹೆಸರು ಬದಲಿ ಮಾಡಾಕ ಬೇಡಾಗಿತ್ತಲ್ರಿ?"

"ಅದು ಬದಲಾವಣೆ ಅಲ್ಲ, ತಿದ್ದುಪಡಿ."

ಯಾದಗಿರಿಗೆ ಪತ್ರ ಹೋಯ್ತು. ಅಲ್ಲಿಂದ ವಾಪಸ್ ಬಂದ ಜವಾಬು ನಾ ಸಾಯೋತನಕ ಮರಿಯಂಗಿಲ್ಲ. ಹೊಸ ಪಾಸ್‌ವರ್ಡಿನ ಬಗ್ಗೆ ಪರಿಶೀಲಿಸಲಾಗುವುದು, ಸದ್ಯ ಈಗಿರುವ ಪಾಸ್‌ವರ್ಡಿನ ಎರಡು ಪ್ರತಿ ಲಗತ್ತಿಸಿ ಕಳುಹಿಸುವುದು ಅಂತ ಇತ್ತು. ಗುಪ್ತ ಇರಬೇಕಾದದ್ದನ್ನ ಎರಡು ಪ್ರತಿ! ನಾ ನಕ್ಕೆ. ಸಾಹೇಬರು ನಗಲಿಲ್ಲ. ಲಕೋಟೆ ತರಸಿದ್ರು.

ದೋರನಹಳ್ಳಿ ದೊಡ್ಡವ್ವ ದಿನಾ ಬಂದು ಪಡಸಾಲ್ಯಾಗ ಬೆಂಚಿನ ಮ್ಯಾಲ ಕೂಡತಿದ್ದಳು. ಪಾಳಿ ಶುರು ಆದ ದಿನ ಆಕಿ ಬೆಂಚು ಬಿಟ್ಟು ನನ್ನ ಖೋಲಿಗೆ ಬಂದಳು.

"ಅದಕ್ಕೇನಾಗ್ಯಾದ, ನನಗ ತಿಳಿಯಂಗ ಹೇಳು."

"ಸುರಪುರದ ಮಿಷನ್ನಿಗೆ ನನ್ನ ಮಿಷನ್ನಿನ ಗುರ್ತು ಸಿಗವಲ್ದು ದೊಡ್ಡವ್ವ."

"ಅದಕ್ಕ ಸಿಗದಿದ್ರ ಹಾಳಾಗಿ ಹೋಗಲಿ. ನನ್ನ ಗುರ್ತು ಗೇಟಿನವಗ ಅದನೋ ಇಲ್ಲೋ? ಅಂವ ನನ್ನ ತಂಗಿ ಮಗ. ನನ್ನ ಕೈಯಾಗ ಉಂಡು ಬೆಳದಂವ. ಅಂವನೂ ಚೀಟಿ ತಾ ದೊಡ್ಡವ್ವ, ಚೀಟಿ ತಾ ಅನ್ನಾಕತ್ಯಾನ. ಉಣ್ಣಾಕ ಕೂತಾಗ ಚೀಟಿ ತಂದಿದ್ದೇನಲೇ ಅಂತ ಬೈದು ಬಂದೀನಿ."

ಎದ್ದು ಸಾಹೇಬರ ಖೋಲಿಗೆ ಹೋದೆ. ಕೈಯಾಗ ಬರದು ಒಂದು ಚೀಟಿ ಕೊಡ್ರಿ ಸರ್, ನಿಮ್ಮ ಸಹಿ ಇದ್ರ ಸಾಕು, ಗೇಟು ಎತ್ತತಾನ, ಪೇಜು ಆಮ್ಯಾಲ ನೋಡೋಣು ಅಂದೆ. ಅವರು ಪೆನ್ನಿನ ಟೋಪಿ ಹಾಕಿ ಕಿಸೆದಾಗ ಇಟ್ಟುಕೊಂಡ್ರು. ಕೈಬರಹ ಅಂದ್ರೆ ಭ್ರಷ್ಟಾಚಾರಕ್ಕೆ ದಾರಿ ಅಂದ್ರು. ವ್ಯವಸ್ಥೆ ಅಂದ ಮೇಲೆ ವ್ಯವಸ್ಥೆ ಅಂದ್ರು. ಹಂಗಾದ್ರ ನಾ ಸುರಪುರಕ್ಕ ಹೋಗಿ ನೋಡಿ ಬರ್ತೀನಿ ಅಂದೆ. "ಹೋಗಿ ಬರ್ತೀನಿ ಅಲ್ಲ, ಅನುಮತಿ ಕೊಡಿ ಅನ್ನಬೇಕು" ಅಂದ್ರು. ಅನುಮತಿ ಕೊಡ್ರಿ ಅಂದೆ. ನಾಳೆ ಹೋಗು ಅಂದ್ರು.

ಪಾಳಿಯ ಎರಡನೇ ದಿನ ಮುಂಜಾನಿ ಬಸ್ ಹಿಡದೆ. ರಸ್ತೆ ಬಾಜು ಕಾಲುವಿ ತುಂಬಿ ಹರಿಯಾಕತ್ತಿತ್ತು. ಮ್ಯಾಲಿನ ಹೊಲಗಳಾಗ ಭತ್ತ ಮೊಣಕಾಲು ನೀರಾಗ ನಿಂತಿತ್ತು. ಅವರ ಹತ್ರ ಚೀಟಿನೂ ಇರಲಿಲ್ಲ, ಪಾಳಿನೂ ಇರಲಿಲ್ಲ. ಕಾಲುವಿಗೆ ಪೈಪು ಇಳಿಬಿಟ್ಟಿದ್ರು, ಅಷ್ಟ. ಪೈಪು ಪಾಸ್‌ವರ್ಡು ಕೇಳಂಗಿಲ್ಲ.

ಸುರಪುರದ ಖೋಲಿ ಭಾಳ ತಣ್ಣಗಿತ್ತು. ಮಿಷನ್ನಿನ ಬಾಜು ಅಣ್ಣ ಮಜ್ಜಿಗಿ ಬಾಟ್ಲಿ ಇಟ್ಟಿದ್ದ. ನನ್ನ ನೋಡಿದವನ, "ತಂಗಿ, ನಮ್ಮ ಬಾಜು ಎಲ್ಲಾ..." ಅಂತ ಶುರು ಮಾಡಿದ. ಗೊತ್ತದ ಅಣ್ಣ, ತೆಗದು ತೋರಸು ಅಂದೆ. ಅಂವ ಸುರಪುರ ಅಂತ ಹೆಸರು ಹೊಡದ, ಪಾಸ್‌ವರ್ಡು ಹೊಡದ, ತೆಗೀತು. ನೋಡು ಅಂದ. ನಾ ಅವನ್ನ ಸರಿಸಿ ಕೂತು, ಅದೇ ಹೆಸರು ಹೊಡದು, ಪಾಸ್‌ವರ್ಡಿನ ಜಾಗಾದಾಗ ಬೇಕಂತ ತಪ್ಪು ಹೊಡದೆ. ತೆಗೀತು. "ಹುಚ್ಚ" ಅಂತ ಹೊಡದೆ. ತೆಗೀತು. ಏನೂ ಹೊಡೀದೆ ಬರೇ ಬಟನ್ ಒತ್ತಿದೆ. ಆಗೂ ತೆಗೀತು.

"ಅಣ್ಣಾ, ಇದು ನಿನಗ ಪಾಸ್‌ವರ್ಡು ಕೇಳೇ ಇಲ್ಲ! ಇದೇ ಮಿಷನ್ನಿನ ಮುಂದ ಕೂತವರು ಮನಿಯವರು ಅಂತ ಬಿಟ್ಟುಬಿಡ್ತದ. ಹೊರಗಿಂದ ಬಂದವರನ್ನ ಅಷ್ಟ ಕೇಳ್ತದ. ನಿನ್ನ ಬಾಜು ಬರೋಬ್ಬರಿ ಅದ ಅಂತ ಇಷ್ಟು ದಿನ ಯಾವ ಆಧಾರದ ಮ್ಯಾಲ ಹೇಳಿದಿ?"

ಅಂವ ಮಜ್ಜಿಗಿ ಬಾಟ್ಲಿ ಎತ್ತಿ ಆ ಕಡಿ ಇಟ್ಟ. ಹೆಸರು ಬದಲಿ ಮಾಡಿದಾಗ ಸ್ಕ್ರೀನಿನ ಮ್ಯಾಲ ಏನರ ಬಂತೇನು ಅಂತ ಕೇಳಿದೆ. ಏನೂ ಬಂದಿಲ್ಲ ಅಂದ. ಖರೇ ಹೇಳು ಅಂದೆ. ಅಲ್ಲಾನ ಆಣಿ ಏನೂ ಬಂದಿಲ್ಲ ಅಂದ. ಅಂವ ಅಲ್ಲಾನ ಪೈಕಿ ಅಲ್ಲ, ನನ್ನ ಸಲುವಾಗಿ ನಮ್ಮ ದೇವರ ಮ್ಯಾಲ ಆಣಿ ಹಾಕಿದ್ದ, ಸುಳ್ಳಾದ್ರ ತನಗ ಹತ್ತಬಾರದಂತ. ಅಲ್ಲೇ ನನಗ ಸಂಶಯ ಬಂತು.

ಸರಿ, ಮತ್ತೊಮ್ಮೆ ಮಾಡೇ ನೋಡೋಣು ಅಂತ, ಯಾರಿಗೂ ಸಂಬಂಧ ಇಲ್ಲದ ಒಂದು ಹೊಸ ಹೆಸರು ಮಿಷನ್ನಿನಾಗ ಹುಟ್ಟಿಸಿದೆ. ಚುರುಮುರಿ ಅಂತ ಇಟ್ಟೆ. ಅದಕ್ಕೊಂದು ಪಾಸ್‌ವರ್ಡೂ ಕೊಟ್ಟೆ. ಆಮ್ಯಾಲ ಸಾಹೇಬರ ಗೌರವಕ್ಕ ಚುರುಮುರಿ ತಿದ್ದಿ ಅವರ ಮೈಸೂರು ಕಡಿ ಕಡ್ಲೆಪುರಿ ಮಾಡಿದೆ. ಬಟನ್ ಒತ್ತಿದ ತಕ್ಷಣ ಸ್ಕ್ರೀನಿನ ಮ್ಯಾಲ ಒಂದು ಸಾಲು ಬಂತು. ಮೊದಲನೇ ಶಬ್ದ ಇಂಗ್ಲಿಷಿನಾಗ ದೊಡ್ಡದಾಗಿ: ನೋಟೀಸ್.

ಅಣ್ಣ ಖುರ್ಚಿ ಬಿಟ್ಟು ಎದ್ದುಬಿಟ್ಟ. "ಏ ತಂಗಿ, ಬಂತು ನೋಡು! ಮತ್ತ ಬಂತು! ಅಳಸು, ಜಲ್ದಿ ಅಳಸು, ಈ ಸಲ ನಿನ್ನ ಹೆಸರಿಗೆ ಬಂದದ!"

ನನಗ ಒಂದು ಗಳಿಗಿ ಏನೂ ತಿಳೀಲಿಲ್ಲ. ತಿಳಿದ ಮ್ಯಾಲ ಹೊಟ್ಟಿ ಹಿಡಕೊಂಡು ನಕ್ಕೆ, ಕಣ್ಣಾಗ ನೀರು ಬಂದುವು. ಸಾಹೇಬರು ಹೇಳಿದಂಗ ಹೆಸರು ಬದಲಿ ಮಾಡಿದ ದಿನ ಈ ಬಡಪಾಯಿ ನೋಟೀಸ್ ಅನ್ನೋ ಶಬ್ದ ನೋಡ್ಯಾನ. ಇವಗ ನೋಟೀಸು ಅಂದ್ರ ಒಂದ ಅರ್ಥ, ಕಾರಣ ಕೇಳೋದು, ಪಗಾರ ಹಿಡಿಯೋದು, ಮನಿಗೆ ಕಳಸೋದು. ಮುಂದಿನ ಅಕ್ಷರ ಓದೇ ಇಲ್ಲ. ಅಳಿಸಿ, ಮಿಷನ್ ಬಂದ್ ಮಾಡಿ, ಹೊರಗ ಹೋಗಿ ನೀರು ಕುಡದು ಬಂದಾನ. ಹೆಂಡತಿಗೂ ಹೇಳಿಲ್ಲಂತ.

"ಇದು ಆ ನೋಟೀಸಲ್ಲ ಅಣ್ಣ. ಗಮನಿಸ್ರಿ ಅಂತ ಅಷ್ಟ. ಓದು ಏನು ಬರದಾದ."

ಓದಿದ. ಹೆಸರು ಬದಲಾಗಿದ್ದಕ್ಕ ಪಾಸ್‌ವರ್ಡು ಅಳಿಸಿ ಹಾಕೀನಿ ಅಂತ ಮಿಷನ್ನು ಸ್ವಚ್ಛವಾಗಿ ಹೇಳಿತ್ತು. ನಮ್ಮ ಆಫೀಸಿನಾಗ ಖರೇ ಮಾತು ಹೇಳಿದ್ದು ಅದೊಂದ. ಅದರ ಬಾಯೂ ಮುಚ್ಚಿಸಿದ್ರು.

ಯಾಕ ಹಂಗ ಅಂದ್ರ, ಆ ಮಿಷನ್ನು ಪಾಸ್‌ವರ್ಡನ್ನ ಇದ್ದಂಗ ಇಟ್ಟುಕೊಳ್ಳಂಗಿಲ್ಲ. ಕದ್ದವಗ ಓದಾಕ ಬರಬಾರದಂತ ಅದನ್ನ ಅರದು ಪುಡಿ ಮಾಡಿ ಇಡ್ತದ. ಅರಿಯೋ ಮುಂದ ಜೊತಿಗೊಂದು ಉಪ್ಪು ಹಾಕ್ತದ. ಉಪ್ಪು ಅಂತ ನಾ ಅನ್ನಾಕತ್ತಿಲ್ಲ, ಕಂಪ್ಯೂಟರಿನವರೇ ಅದಕ್ಕ ಸಾಲ್ಟ್ ಅಂತಾರ. ಈ ಮಿಷನ್ನಿನಾಗ ಆ ಉಪ್ಪು ಅಂದ್ರ ನಿಮ್ಮ ಹೆಸರು. ಶೋರಾಪುರ ಅನ್ನೋ ಹೆಸರು ಹಾಕಿ ಅರದದ್ದು ಶೋರಾಪುರಕ್ಕ ಅಷ್ಟ ಕೂಡ್ತದ. ಹೆಸರು ತಿದ್ದಿದ್ರ, ಅರದ ಖಾರದಾಗಿಂದ ಉಪ್ಪು ಹೆಕ್ಕಿ ಬ್ಯಾರೆ ಉಪ್ಪು ಹಾಕಾಕ ಬರ್ತದೇನು? ಅದಕ್ಕ ಪುರಾ ಚೆಲ್ಲಿಬಿಡ್ತದ. ನನ್ನ ಮಿಷನ್ನು ಪಾಪ ದಿನಾ ಹೋಗಿ ಸರಿ ಪಾಸ್‌ವರ್ಡು ಹೇಳತಿತ್ತು. ಆ ಕಡಿ ಹೊಂದಿಸಿ ನೋಡಾಕ ಏನೂ ಉಳದಿದ್ದಿಲ್ಲ.

ಅಲ್ಲಿಂದಾನ ಸಾಹೇಬರಿಗೆ ಫೋನ್ ಹಚ್ಚಿದೆ. ಎಲ್ಲಾ ಹೇಳಿದೆ. ಪಾಸ್‌ವರ್ಡು ಹಾಕಬೇಕಂದ್ರ ಯಾದಗಿರಿ ಅನುಮತಿ ಅಂತ ಶುರು ಮಾಡಿದ್ರು. ಅವರು ಮುಗಿಸೋತನಕ ನಾ ತಡೀಲಿಲ್ಲ.

"ಸರ್, ಇದು ಬದಲಾವಣೆ ಅಲ್ರಿ. ಹಳೇದನ್ನ ಮತ್ತ ಹಾಕೋದು. ತಿದ್ದುಪಡಿ."

"ತಿದ್ದುಪಡಿ ಅಂತೀಯಾ?"

"ಶುದ್ಧ ತಿದ್ದುಪಡಿ ಸರ್."

"ಹಾಗಾದ್ರೆ ಸರಿ" ಅಂದ್ರು. ನಾ ಫೋನ್ ಇಟ್ಟು ಸುರಪುರ ಅನ್ನೋ ಹೆಸರಿಗೆ ಹಳೇ ಪಾಸ್‌ವರ್ಡು ಹಾಕಿದೆ. ಶಹಾಪುರದಾಗ ಪೇಜು ತೆಗೀತು ಅಂತ ಪ್ಯೂನ್ ಫೋನ್ ಮಾಡಿ ಹೇಳಿದ. ಅಣ್ಣ ನನ್ನ ಕೈ ಹಿಡಕೊಂಡು, ಸಾಹೇಬರಿಗೆ ನೋಟೀಸಿನ ಸುದ್ದಿ ಹೇಳಬ್ಯಾಡ ತಂಗಿ ಅಂದ. ಆಗಲೇ ಹೇಳಿಬಿಟ್ಟಿದ್ದೆ, ಅದನ್ನೂ ಅವಗ ಹೇಳಿದೆ. ಅಂವ ಮಜ್ಜಿಗಿ ಪುರಾ ಒಂದ ಗುಟುಕಿಗೆ ಕುಡದ.

ಚೀಟಿ ತೆಗಿಯಾಕ ಅಲ್ಲಿ ನನ್ನ ಬಿಟ್ಟು ಯಾರಿಗೂ ಬರತಿದ್ದಿಲ್ಲ. ವಾಪಸ್ ಬರೋ ಬಸ್ಸು ದಾರ್ಯಾಗ ಕೆಟ್ಟು ನಿಂತು, ಶಹಾಪುರ ಮುಟ್ಟೋದ್ರಾಗ ಆಫೀಸು ಬಾಗಿಲ ಹಾಕಿತ್ತು. ಮರುದಿನ ಮುಂಜಾನಿ ನಾ ಹೋಗೋದ್ರೊಳಗ ದೋರನಹಳ್ಳಿ ದೊಡ್ಡವ್ವ ಬೆಂಚಿನ ಮ್ಯಾಲ ಇದ್ದಳು. ಪಾಳಿ ಮುಗದಿತ್ತು, ಆದ್ರ ತಪ್ಪು ನಮ್ಮದು, ಎರಡು ದಿನ ಮುಂದ ಕೊಟ್ರ ಯಾರು ಬ್ಯಾಡ ಅಂತಾರ ಅಂತ ನಾ ಧೈರ್ಯ ಮಾಡಿದ್ದೆ. ಆಕಿಗೂ ಹಂಗ ಹೇಳಿದೆ. ಸಾಹೇಬರು ಭಾಳ ಖುಷಿಯಾಗಿದ್ರು. ನನ್ನ ಸ್ಕ್ರೀನಿನ ಮ್ಯಾಲ ಸುರಪುರ ಅನ್ನೋ ಹೆಸರಿನ ಫೋಟೊ ಹೊಡದು ಯಾದಗಿರಿಗೆ ಕಳಿಸಿದ್ರು.

ಆಕಿ ಹೊಲದ ನಂಬರ್ ಹೊಡದೆ. ಹಸಿರು ಅಕ್ಷರದಾಗ ಬಂತು: ನಿಮ್ಮ ಪಾಳಿ ಪೂರ್ಣಗೊಂಡಿದೆ. ನೀರು ಹರಿಸಲಾಗಿದೆ.

ನಾ ಎರಡು ಸಲ ಓದಿದೆ. ಸುರಪುರದ ಮಿಷನ್ನು ತನ್ನ ಬಾಜು ಎಲ್ಲಾ ಬರೋಬ್ಬರಿ ಇಟ್ಟುಕೊಂಡಿತ್ತು. ಪೇಜು ಸತ್ತಿದ್ದು ಅದಕ್ಕೇನು ಗೊತ್ತು? ತಾರೀಖು ನೋಡಿ ಒಬ್ಬೊಬ್ಬರ ಪಾಳಿ ಮುಗಿಸಿಕೋತ ಮುಂದ ಹೋಗಿತ್ತು. ನಾ ಆಕಿನ್ನ ಕರಕೊಂಡು ಸಾಹೇಬರ ಮುಂದ ನಿಂತೆ. ಇದು ತಪ್ಪು ಅದ ಸರ್, ನೀರು ಬಂದಿಲ್ಲ, ಇದನ್ನ ತಿದ್ದಿ ಎರಡು ದಿನ ಕೊಡ್ರಿ ಅಂದೆ.

"ಕಾಲುವೆಯಲ್ಲಿ ನೀರು ಹರಿದಿದೆಯೋ ಇಲ್ಲವೋ?"

"ಕಾಲುವ್ಯಾಗ ಹರದದ ಸರ್. ಆಕಿ ಹೊಲಕ್ಕ ಹೋಗಿಲ್ಲ. ಮ್ಯಾಲ ಭತ್ತಕ್ಕ ಹೋಗ್ಯಾದ, ನಾ ಕಣ್ಣಾರೆ ನೋಡೀನಿ."

"ಹರಿಸಲಾಗಿದೆ ಅಂತ ತಾನೆ ಇರೋದು? ವಾಕ್ಯ ಸರಿಯಾಗೇ ಇದೆಯಲ್ಲಮ್ಮ. ದಾಖಲೆ ತಿದ್ದೋಕೆ ಬರಲ್ಲ."

ನನಗ ಸಿಟ್ಟು ನೆತ್ತಿಗೇರಿತು. ಏನೇನು ಅಂದೆ ಅನ್ನೋದು ಈಗ ಪುರಾ ನೆನಪಿಲ್ಲ, ಸಿಟ್ಟಿಗೆ ಅರ್ಧ ಉರ್ದುವಿನಾಗ ಅಂದೆ, ಅದನ್ನ ತಿದ್ದಾಕ ಅವರಿಗೆ ಬರಲಿಲ್ಲ. ಅವರು ಫೈಲು ತೆಗದು ಓದಾಕ ಹತ್ತಿದ್ರು. ಆಕಿ ನನ್ನ ಕೈ ಜಗ್ಗಿ ಹೊರಗ ಕರಕೊಂಡು ಬಂದಳು.

"ಬಿಡವ್ವ. ಆ ಹಸಿರು ಅಕ್ಷರದ್ದು ಚೀಟಿ ತೆಗದು ಕೊಡು."

"ಈಗ ಯಾಕ ದೊಡ್ಡವ್ವ? ಅದರಿಂದ ಗೇಟು ಎತ್ತಂಗಿಲ್ಲ."

"ಕೊಡು. ಗಿಡದ ಮುಂದ ಓದತೀನಿ. ನಿಮಗ ನೀರು ಬಂದದಂತ, ಸಾಹೇಬರು ಬರದಾರ ಅಂತ ಹೇಳ್ತೀನಿ."

ಪ್ರಿಂಟ್ ತೆಗದು ಕೊಟ್ಟೆ. ಆಕಿ ಅದನ್ನ ಮಡಚಿ ಕುಬುಸದಾಗ ಇಟ್ಟುಕೊಂಡು ಟಂಟಂ ಹತ್ತಿದಳು. ನಾ ಖೋಲಿಗೆ ಬಂದು ಬಾಗಿಲ ಹಾಕಿಕೊಂಡು ಅತ್ತೆ.

ಆ ಸುಗ್ಗ್ಯಾಗ ಒಂದು ದಿನ ಶಹಾಪುರದ ಸಂತ್ಯಾಗ ಆಕಿನ್ನ ಕಂಡೆ. ಒಣಮೆಣಸಿನಕಾಯಿ ರಾಶಿ ಮುಂದ ಕುಕ್ಕರಗಾಲಿಲೆ ಕೂತು ಒಂದೊಂದ ಕಾಯಿ ಮುರದು ಮೂಸಿ ನೋಡಾಕತ್ತಿದ್ದಳು. ನಾ ಮಾರಾಕ ಬಂದಾಳ ಅಂದುಕೊಂಡೆ. ತಕ್ಕಡಿ ಆ ಕಡಿ ಕೂತ ವ್ಯಾಪಾರಿ ಕೈಯಾಗ ಇತ್ತು. ಕಾಲು ಕಿಲೋ ತೂಗಿಸಿಕೊಂಡು ಚೀಲಕ್ಕ ಹಾಕಿಕೊಂಡು ಎದ್ದಾಗ ನನ್ನ ನೋಡಿದಳು.

"ಏನವ್ವ ತಂಗಿ, ನಿಮ್ಮ ಪೇಜು ಚಲೋ ನಡದದನು?"

"ಹೌದ್ರಿ ದೊಡ್ಡವ್ವ, ನಡದದ" ಅಂದೆ.